ಅಡ್ಡ ತರಂಗಕ್ಕೆ ಗಟ್ಟಿ ನೆಲ ಬೇಕು

(ಬೆಂಗಳೂರಿನ ಬಸವನಗುಡಿಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಪಿಯುಸಿ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವಂಥದ್ದು. ಅಲೆ ಸಾಗುವ ದಿಕ್ಕಿಗೆ ಅಡ್ಡಲಾಗಿ ಕಣಗಳು ಅಲುಗಾಡಿದರೆ ಅಡ್ಡ ತರಂಗ. ಅಲೆ ಸಾಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಅಲುಗಾಡಿದರೆ ನೀಳ ತರಂಗ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ, ಎರಡು ಸಾಲಿನ ಉತ್ತರ. ಅಲ್ಲಿಗೆ ನಾವು ಪುಟ ತಿರುಗಿಸಿಬಿಡುತ್ತೇವೆ.

ಅಲ್ಲೇ ಸ್ವಲ್ಪ ನಿಲ್ಲಬೇಕು ಅನ್ನುವುದು ನನ್ನ ಆಸೆ. ಯಾವ ವಸ್ತುವಿನೊಳಗೆ ಯಾವ ಅಲೆ ಸಾಗುತ್ತದೆ? ಯಾವುದು ಸಾಗುವುದಿಲ್ಲ? ಯಾಕೆ? ಈ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡವರು, ಯಾರೂ ಇಳಿದು ನೋಡಲಾಗದ ಭೂಮಿಯ ಆಳದಲ್ಲಿ ಏನಿದೆ ಅಂತ ಹೇಳಿದರು. ಅದಕ್ಕಾಗಿ ಯಾರೂ ಅಷ್ಟು ಆಳ ಬಾವಿ ತೋಡಲಿಲ್ಲ.

ಮೊದಲು ಈ ಮೇಜಿನ ಮೇಲೆ ನೋಡಿ. ಇದು ಸ್ಲಿಂಕಿ, ಉದ್ದಕ್ಕೆ ಎಳೆಯಬಹುದಾದ ಸುರುಳಿ ಸ್ಪ್ರಿಂಗ್. ಆ ತುದಿಯನ್ನು ನಿಮ್ಮಲ್ಲೇ ಒಬ್ಬ ಹುಡುಗಿ ಹಿಡಿದುಕೊಂಡಿದ್ದಾಳೆ, ಈ ತುದಿ ನನ್ನ ಕೈಯಲ್ಲಿದೆ. ನಡುವಿನ ಒಂದು ಸುತ್ತಿಗೆ ಕೆಂಪು ದಾರ ಕಟ್ಟಿದ್ದೇನೆ. ನೀವು ಸ್ಪ್ರಿಂಗ್ ನೋಡಬೇಡಿ, ಆ ದಾರವನ್ನು ಮಾತ್ರ ನೋಡಿ. ಈಗ ನನ್ನ ಕೈಯನ್ನು ಎಡಕ್ಕೆ ಬಲಕ್ಕೆ ಒಂದು ಸಲ ಜಾಡಿಸುತ್ತೇನೆ. ಬಾಗು ಆ ಕಡೆಗೆ ಓಡಿತು. ದಾರ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಇದ್ದಲ್ಲೇ ನಿಂತಿತು. ಈಗ ಜಾಡಿಸುವುದಿಲ್ಲ, ಮುಂದಕ್ಕೆ ಒಂದು ತಳ್ಳು ತಳ್ಳುತ್ತೇನೆ. ಸುತ್ತುಗಳು ಒತ್ತೊತ್ತಾಗಿ ಬಂದ ಒಂದು ಜಾಗ ಆ ಕಡೆಗೆ ಓಡಿತು. ದಾರ ಸ್ವಲ್ಪ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಇದ್ದಲ್ಲೇ ನಿಂತಿತು. ಎರಡು ಸಲವೂ ಶಕ್ತಿ ಈ ತುದಿಯಿಂದ ಆ ತುದಿಗೆ ಮುಟ್ಟಿತು. ದಾರ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಈ ಎರಡನೆಯ ಅಲೆಯ ವಿಷಯದಲ್ಲಿ ನಮ್ಮ ಕ್ಲಾಸುಗಳಲ್ಲಿ ಒಂದು ತೊಡಕಾಗುತ್ತದೆ. ಶಬ್ದ ನೀಳ ತರಂಗ ಅಂತ ಬಾಯಲ್ಲಿ ಹೇಳುತ್ತೇವೆ. ಬೋರ್ಡಿನ ಮೇಲೆ ಬರೆಯುವಾಗ ಮೇಲೆ ಕೆಳಗೆ ಏರಿಳಿಯುವ ಗೆರೆ ಎಳೆಯುತ್ತೇವೆ. ಮಗು ಆ ಗೆರೆಯನ್ನೇ ನಂಬುತ್ತದೆ. ಗಾಳಿಯ ಕಣಗಳು ಮೇಲೆ ಕೆಳಗೆ ಕುಣಿಯುತ್ತಾ ಕಿವಿಗೆ ಬರುತ್ತವೆ ಅಂದುಕೊಳ್ಳುತ್ತದೆ. ಮಗುವಿನದು ತಪ್ಪಲ್ಲ. ಆ ಗೆರೆ ಶಬ್ದದ ಚಿತ್ರ ಅಲ್ಲ, ಗಾಳಿಯ ಒತ್ತಡದ ಗ್ರಾಫ್. ಗೆರೆ ಏರಿದ ಕಡೆ ಗಾಳಿ ಸ್ವಲ್ಪ ಒತ್ತಾಗಿದೆ, ಇಳಿದ ಕಡೆ ಸ್ವಲ್ಪ ತೆಳುವಾಗಿದೆ, ಅಷ್ಟೆ. ಗೆರೆ ಎಳೆಯುವ ಮುಂಚೆ ಪಕ್ಕದಲ್ಲಿ ‘ಒತ್ತಡ’ ಅಂತ ಒಂದು ಮಾತು ಬರೆದರೆ ಸಾಕು, ಅರ್ಧ ಗೊಂದಲ ಕಳೆಯುತ್ತದೆ. ಇಲ್ಲಿರುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ವಿನಂತಿ ಇದೊಂದೇ.

ಆ ‘ಸ್ವಲ್ಪ’ ಎಷ್ಟು ಅಂತ ಕೇಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 90 ಸಾವಿರ ಪ್ಯಾಸ್ಕಲ್. ಎದುರು ಬದುರು ಕೂತು ಇಬ್ಬರು ಮಾತಾಡುವಾಗ ಆ ಒತ್ತಡದಲ್ಲಿ ಆಗುವ ಏರಿಳಿತ 0.02 ಪ್ಯಾಸ್ಕಲ್‌ನ ಆಸುಪಾಸು. ಅಂದರೆ 45 ಲಕ್ಷದಲ್ಲಿ ಒಂದು ಪಾಲು. 1000 ಹರ್ಟ್ಸ್‌ನ ಶಬ್ದವಾದರೆ ಗಾಳಿ ಹಿಂದೆ ಮುಂದೆ ಸರಿಯುವ ದೂರ ಹತ್ತು ನ್ಯಾನೋಮೀಟರಿಗಿಂತ ಕಡಿಮೆ. ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ. ಇಷ್ಟು ಚಿಕ್ಕ ಅಲುಗಾಟದಿಂದ ನಮ್ಮ ಕಿವಿ ‘ಅಮ್ಮ’ ಅನ್ನುವ ದನಿಯನ್ನು ಗುರುತು ಹಿಡಿಯುತ್ತದೆ. ಈ ಲೆಕ್ಕ ಮಾಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಮುಖ್ಯ ಪ್ರಶ್ನೆ. ಗಾಳಿಯಲ್ಲಿ, ನೀರಿನ ಒಳಗೆ ಶಬ್ದ ನೀಳ ತರಂಗವಾಗಿಯೇ ಯಾಕೆ ಸಾಗಬೇಕು? ಅಡ್ಡ ತರಂಗವಾಗಿ ಸಾಗಿದರೆ ಏನಾಗುತ್ತಿತ್ತು?

ಸಂಜೆ ಆರು ಗಂಟೆಗೆ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸನ್ನು ನೆನಪು ಮಾಡಿಕೊಳ್ಳಿ. ಕಾಲಿಡಲು ಜಾಗ ಇಲ್ಲ. ಹಿಂದಿನ ಬಾಗಿಲಲ್ಲಿ ಇನ್ನೊಬ್ಬರು ಹತ್ತಿ ಒಂದು ತಳ್ಳು ತಳ್ಳುತ್ತಾರೆ. ಆ ತಳ್ಳು ಒಬ್ಬರಿಂದ ಒಬ್ಬರಿಗೆ ದಾಟಿ ಡ್ರೈವರ್ ಹತ್ತಿರ ನಿಂತವರಿಗೂ ಮುಟ್ಟುತ್ತದೆ. ಇದಕ್ಕೆ ಯಾರೂ ಯಾರ ಕೈಯನ್ನೂ ಹಿಡಿದುಕೊಂಡಿರಬೇಕಿಲ್ಲ, ಮೈ ತಗುಲಿದ್ದರೆ ಸಾಕು. ಆದರೆ ಬಾಗಿಲಲ್ಲಿದ್ದವರು ಪಕ್ಕಕ್ಕೆ, ಕಿಟಕಿಯ ಕಡೆಗೆ ಸರಿದರು ಅನ್ನಿ. ಮುಂದೆ ನಿಂತವರೂ ಅವರ ಜೊತೆ ಪಕ್ಕಕ್ಕೆ ಸರಿಯುತ್ತಾರಾ? ಇಲ್ಲ. ಒಬ್ಬರಿಗೊಬ್ಬರು ತೋಳು ಹೆಣೆದುಕೊಂಡಿದ್ದರೆ ಮಾತ್ರ ಆ ಎಳೆತ ಮುಂದಕ್ಕೆ ದಾಟುತ್ತದೆ. ಗಾಳಿ ಮತ್ತು ನೀರಿನ ಅಣುಗಳು ತೋಳು ಹೆಣೆಯದ ಜನ. ಗಟ್ಟಿ ವಸ್ತುವಿನ ಅಣುಗಳು ಹೆಣೆದುಕೊಂಡವರು.

ಇದನ್ನೇ ಕೈಯಲ್ಲಿ ಹಿಡಿದು ನೋಡಬಹುದು. ಈ ದಪ್ಪ ರಬ್ಬರ್ ತುಂಡನ್ನು ಮೇಜಿನ ಮೇಲೆ ಒತ್ತಿ ಹಿಡಿದು, ಮೇಲ್ಭಾಗವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತೇನೆ. ಚೌಕ ಓರೆಯಾಯಿತು. ಬೆರಳು ಬಿಟ್ಟರೆ ಥಟ್ಟನೆ ಮೊದಲಿನ ಹಾಗಾಯಿತು. ಆಕಾರ ಕೆಟ್ಟರೆ ಸರಿಮಾಡಿಕೊಳ್ಳುವ ಈ ಬಿಗಿಯೇ ಅಡ್ಡ ತರಂಗಕ್ಕೆ ಬೇಕಾದ ಬಂಡವಾಳ. ತಟ್ಟೆಯಲ್ಲಿರುವ ನೀರಿನ ಮೇಲ್ಪದರವನ್ನು ಹೀಗೇ ಪಕ್ಕಕ್ಕೆ ಸರಿಸಿ ಬಿಡಿ. ಅದು ಹಿಂದಕ್ಕೆ ಬರುವುದಿಲ್ಲ. ನೀರಿಗೆ ಇಂಥ ಆಕಾರವೇ ಇರಬೇಕು ಅಂತ ಇಲ್ಲ. ಆದರೆ ಅದೇ ನೀರನ್ನು ಸಿರಿಂಜಿನಲ್ಲಿ ತುಂಬಿ, ಬಾಯಿ ಮುಚ್ಚಿ ಒತ್ತಿದರೆ ಬಲವಾಗಿ ಎದುರು ಒತ್ತುತ್ತದೆ. ಹಿಂಡುವುದಕ್ಕೆ ವಿರೋಧ ಇದೆ, ಓರೆ ಮಾಡುವುದಕ್ಕೆ ಇಲ್ಲ. ಹಾಗಾಗಿ ನೀರಿನ ಒಡಲಲ್ಲಿ ನೀಳ ತರಂಗ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಅಡ್ಡ ತರಂಗ ಹುಟ್ಟಿದ ಜಾಗದಲ್ಲೇ ಸತ್ತುಹೋಗುತ್ತದೆ.

ಗಟ್ಟಿ ವಸ್ತುವಿನಲ್ಲಿ ಎರಡೂ ಸಾಗುತ್ತವೆ. ನೀಳ ತರಂಗಕ್ಕೆ ಹಿಂಡಿಕೆಯ ಬಿಗಿ, ಆಕಾರದ ಬಿಗಿ ಎರಡೂ ನೆರವಾಗುತ್ತವೆ. ಅಡ್ಡ ತರಂಗಕ್ಕೆ ಆಕಾರದ ಬಿಗಿ ಒಂದೇ ಗತಿ. ಅದಕ್ಕೇ ಒಂದೇ ಬಂಡೆಯೊಳಗೆ ಹೊರಟರೂ ನೀಳ ತರಂಗ ಮುಂದೆ, ಅಡ್ಡ ತರಂಗ ಹಿಂದೆ.

ಬಂಡೆ ಅಂದ ಮೇಲೆ ಲಾಲ್‌ಬಾಗ್ ಬಂಡೆಯನ್ನು ಹೇಳದೆ ಇರಲು ಆಗುತ್ತಾ? ಕೆಂಪೇಗೌಡರ ಗಡಿಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಲ್ಲಿ ವಾಕಿಂಗ್ ಮಾಡುವಾಗ ನಿಮ್ಮ ಕಾಲಿನ ಕೆಳಗಿನ ಕಲ್ಲು ಒಂದೊಂದು ಸಲ ಅಲುಗಾಡಿರುತ್ತದೆ, ನಿಮಗೆ ಗೊತ್ತಾಗಿರುವುದಿಲ್ಲ. ಎಲ್ಲೋ ದೂರದಲ್ಲಿ ಭೂಕಂಪ ಆಗಿರುತ್ತದೆ. ಮೊದಲು ಬರುವುದು ನೀಳ ತರಂಗ, ಅದಕ್ಕೆ ಪಿ ತರಂಗ ಅನ್ನುತ್ತಾರೆ. ಆಮೇಲೆ ಬರುವುದು ಅಡ್ಡ ತರಂಗ, ಅದು ಎಸ್ ತರಂಗ. ಭೂಮಿಯ ಮೇಲ್ಪದರದ ಕಲ್ಲಿನಲ್ಲಿ ಪಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಎಸ್ ಸುಮಾರು ಮೂರೂವರೆ ಕಿಲೋಮೀಟರ್.

2001ರ ಜನವರಿ 26, ಗಣರಾಜ್ಯೋತ್ಸವದ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ ಭುಜ್‌ನಲ್ಲಿ ನೆಲ ನಡುಗಿತು. ಅಲ್ಲಿಂದ ಬೆಂಗಳೂರಿಗೆ ನೇರ ದೂರ ಸುಮಾರು 1400 ಕಿಲೋಮೀಟರ್. ಇಷ್ಟು ದೂರಕ್ಕೆ ಅಲೆಗಳು ಇನ್ನೂ ಆಳದ, ಇನ್ನೂ ಬಿಗಿಯಾದ ಕಲ್ಲಿನೊಳಗೆ ಇಳಿದು ಬರುತ್ತವೆ, ವೇಗವೂ ಜಾಸ್ತಿ. ಲೆಕ್ಕ ಹಾಕಿದರೆ ಪಿ ತರಂಗ ಇಲ್ಲಿಗೆ ಬರಲು ಸುಮಾರು ಮೂರು ನಿಮಿಷ, ಎಸ್ ತರಂಗ ಬರಲು ಸುಮಾರು ಐದೂವರೆ ನಿಮಿಷ ಬೇಕು. ಈ ನಡುವಿನ ಬಿಡುವೇ ಭೂಕಂಪ ಎಷ್ಟು ದೂರದಲ್ಲಾಯಿತು ಅಂತ ಹೇಳುತ್ತದೆ. ಹತ್ತಿರದ ಕಂಪನವಾದರೆ ಸುಲಭದ ಲೆಕ್ಕವೇ ಇದೆ. ಬಿಡುವಿನ ಒಂದೊಂದು ಸೆಕೆಂಡಿಗೂ ಸುಮಾರು 8 ಕಿಲೋಮೀಟರ್. ಮೂರು ಊರುಗಳಿಂದ ಹೀಗೆ ದೂರ ಅಳೆದು, ಮ್ಯಾಪಿನ ಮೇಲೆ ಮೂರು ವೃತ್ತ ಎಳೆದರೆ ಅವು ಕೂಡುವ ಕಡೆಯೇ ಭೂಕಂಪ ಎದ್ದ ಜಾಗ. ಪಿ ತರಂಗ ಮೊದಲು ಬಂದರೂ ಅದರ ಪೆಟ್ಟು ಕಡಿಮೆ, ಮನೆಗಳನ್ನು ಜಾಸ್ತಿ ಕೆಡವುವುದು ಹಿಂದೆ ಬರುವ ಅಡ್ಡ ಅಲುಗಾಟ. ಜಪಾನಿನವರು 2007ರಿಂದ ದೇಶಕ್ಕೆಲ್ಲ ಕೊಡುತ್ತಿರುವ ಮುನ್ನೆಚ್ಚರಿಕೆ ಇದನ್ನೇ ನಂಬಿಕೊಂಡಿದೆ. ಪಿ ಸಿಕ್ಕ ಕೂಡಲೇ ಎಚ್ಚರಿಕೆ ಹೊರಡುತ್ತದೆ, ಎಸ್ ಬರುವುದರೊಳಗೆ ಸಿಗುವ ಕೆಲವು ಸೆಕೆಂಡುಗಳಲ್ಲಿ ರೈಲಿಗೆ ಬ್ರೇಕ್ ಬೀಳುತ್ತದೆ.

ನಮ್ಮ ಪಕ್ಕದಲ್ಲೇ ಈ ಕೆಲಸದ ಒಂದು ದೊಡ್ಡ ಜಾಗ ಇದೆ. ಬೆಂಗಳೂರಿನಿಂದ ಉತ್ತರಕ್ಕೆ ಗೌರಿಬಿದನೂರು. ಅಲ್ಲಿ 1965ರಲ್ಲಿ ನೆಲದ ಕಂಪನ ಅಳೆಯುವ ಉಪಕರಣಗಳನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಸಾಲಾಗಿ ಇಟ್ಟರು. ಭಾಭಾ ಅಣು ಸಂಶೋಧನಾ ಕೇಂದ್ರದ್ದು ಅದು. ಬೇರೆ ದೇಶಗಳು ನೆಲದಡಿ ಅಣುಬಾಂಬ್ ಸಿಡಿಸಿದರೆ ಪತ್ತೆ ಹಚ್ಚುವುದು ಅದರ ಮುಖ್ಯ ಉದ್ದೇಶ. ಭೂಕಂಪ ಯಾವುದು, ಬಾಂಬ್ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಬಾಂಬ್ ಸಿಡಿದಾಗ ಸುತ್ತಲಿನ ಕಲ್ಲನ್ನು ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ, ನೀಳ ತರಂಗ ಜೋರಾಗಿರುತ್ತದೆ. ಭೂಕಂಪದಲ್ಲಿ ಬಂಡೆಯ ಎರಡು ಭಾಗಗಳು ಒಂದಕ್ಕೊಂದು ಉಜ್ಜಿ ಪಕ್ಕಕ್ಕೆ ಜಾರುತ್ತವೆ, ಅಡ್ಡ ತರಂಗ ಜೋರಾಗಿರುತ್ತದೆ. ನೋಡುವ ಗುರುತು ಇದೊಂದೇ ಅಲ್ಲ, ಆದರೆ ಇದು ದೊಡ್ಡ ಗುರುತು.

ಈಗ ಭೂಮಿಯ ಒಳಕ್ಕೆ ಹೋಗೋಣ. 1897ರ ಜೂನ್ 12ರಂದು ಅಸ್ಸಾಂ ಮತ್ತು ಶಿಲ್ಲಾಂಗ್ ಕಡೆ ಭಾರೀ ಭೂಕಂಪ ಆಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅದನ್ನು ಊರೂರು ತಿರುಗಿ ಅಧ್ಯಯನ ಮಾಡಿದರು. ದೂರದ ಯುರೋಪಿನಲ್ಲಿ ಅದೇ ಕಂಪನದ ದಾಖಲೆ ಆಗಿತ್ತು. ಅದನ್ನು ನೋಡುವಾಗ ಮೊದಲ ಅಲೆ, ಎರಡನೇ ಅಲೆ, ಕೊನೆಗೆ ನೆಲದ ಮೇಲ್ಮೈಯಲ್ಲಿ ತೆವಳಿ ಬರುವ ಅಲೆ ಅಂತ ಮೂರು ಬಗೆ ಅವರಿಗೆ ಬೇರೆ ಬೇರೆಯಾಗಿ ಕಂಡವು. ಪಿ ಮತ್ತು ಎಸ್ ತರಂಗಗಳನ್ನು ದಾಖಲೆಯಲ್ಲಿ ಸ್ಪಷ್ಟವಾಗಿ ಗುರುತು ಹಿಡಿದದ್ದು ನಮ್ಮ ದೇಶದ ಭೂಕಂಪದಿಂದ ಅನ್ನುವುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. 1906ರಲ್ಲಿ ಓಲ್ಡ್‌ಹ್ಯಾಮ್ ಇನ್ನೂ ಮುಂದೆ ಹೋಗಿ, ಭೂಮಿಯ ನಡುವೆ ಬೇರೆಯೇ ಬಗೆಯ ಒಂದು ತಿರುಳು ಇದೆ ಅಂತ ತೋರಿಸಿದರು.

ಆ ತಿರುಳು ಏನು? ಭೂಕಂಪ ಆದ ಜಾಗದಿಂದ ಗೋಳದ ಮೇಲೆ ಸುಮಾರು 103 ಡಿಗ್ರಿ ಆಚೆ, ಅಂದರೆ ಹನ್ನೊಂದೂವರೆ ಸಾವಿರ ಕಿಲೋಮೀಟರ್ ಆಚೆ ಹೋದರೆ, ನೇರವಾಗಿ ಬರಬೇಕಾದ ಎಸ್ ತರಂಗ ಬರುವುದೇ ಇಲ್ಲ. ಪಿ ತರಂಗ ಬಾಗಿ, ತಡವಾಗಿಯಾದರೂ ಬರುತ್ತದೆ. ಎಸ್ ಮಾತ್ರ ನಾಪತ್ತೆ. ಅದರ ದಾರಿ ಸುಮಾರು 2900 ಕಿಲೋಮೀಟರ್ ಆಳದಲ್ಲಿ ಕಡಿದುಹೋಗುತ್ತದೆ. ಅಲ್ಲಿ ಆಕಾರದ ಬಿಗಿ ಇಲ್ಲ, ಅಂದರೆ ಅಲ್ಲಿರುವುದು ದ್ರವ. ಭೂಮಿಯ ಉಬ್ಬರವಿಳಿತದ ಲೆಕ್ಕವನ್ನೂ ಕಂಪನದ ಲೆಕ್ಕವನ್ನೂ ಜೋಡಿಸಿ 1926ರಲ್ಲಿ ಹ್ಯಾರಲ್ಡ್ ಜೆಫ್ರೀಸ್ ಇದನ್ನು ಗಟ್ಟಿಮಾಡಿದರು. ಹತ್ತು ವರ್ಷದ ಮೇಲೆ, 1936ರಲ್ಲಿ, ಡೆನ್ಮಾರ್ಕಿನ ಇಂಗೆ ಲೇಮನ್ ಅನ್ನುವ ಹೆಣ್ಣುಮಗಳು ಪಿ ತರಂಗಗಳ ಸಣ್ಣ ಸಣ್ಣ ಸುಳಿವುಗಳನ್ನು ಜೋಡಿಸಿ, ಆ ದ್ರವದ ಒಳಗೆ ಇನ್ನೊಂದು ತಿರುಳು ಇದೆ ಅಂತ ಕಂಡುಹಿಡಿದರು. ಅದು ಗಟ್ಟಿಯಾದದ್ದು ಅಂತ ಈಗ ನಮಗೆ ಗೊತ್ತು. ಬರದೇ ಹೋದ ಒಂದು ಅಲೆಯಿಂದ ಇಷ್ಟೆಲ್ಲ ತಿಳಿಯಿತು. ವಿಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದ ತರ್ಕ ಇದು.

ಇಲ್ಲಿ ಒಬ್ಬರು ಕೈ ಎತ್ತಿದ್ದಾರೆ. ನೀರಲ್ಲಿ ಅಡ್ಡ ತರಂಗ ಇಲ್ಲ ಅಂದರೆ ಹಲಸೂರು ಕೆರೆಯ ಮೇಲೆ ಕಾಣುವ ಅಲೆ ಏನು ಅಂತ ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಅಲ್ಲಿ ನೀರನ್ನು ಕೆಳಕ್ಕೆ ಎಳೆದು ಸಮ ಮಾಡುವುದು ಭೂಮಿಯ ಸೆಳೆತ, ತೀರಾ ಸಣ್ಣ ಅಲೆಯಾದರೆ ಮೇಲ್ಮೈಯ ಎಳೆತ. ನೀರಿನ ಸ್ವಂತ ಬಿಗಿ ಅಲ್ಲ. ಅದು ಮೇಲ್ಮೈಯ ಆಟ. ತೇಲುವ ಎಲೆಯನ್ನು ಗಮನಿಸಿ ನೋಡಿ. ಅದು ಬರೀ ಮೇಲೆ ಕೆಳಗೆ ಆಡುವುದಿಲ್ಲ. ಅಲೆಯ ತಲೆ ಬಂದಾಗ ಸ್ವಲ್ಪ ಮುಂದಕ್ಕೆ, ಹಳ್ಳ ಬಂದಾಗ ಸ್ವಲ್ಪ ಹಿಂದಕ್ಕೆ, ಒಟ್ಟಿನಲ್ಲಿ ಸಣ್ಣ ವೃತ್ತ ಸುತ್ತುತ್ತದೆ. ಅಡ್ಡ, ನೀಳ ಎರಡೂ ಬೆರೆತ ಚಲನೆ. ಆಳಕ್ಕೆ ಹೋದ ಹಾಗೆ ವೃತ್ತ ಚಿಕ್ಕದಾಗುತ್ತಾ, ಅಲೆಯುದ್ದದ ಅರ್ಧದಷ್ಟು ಆಳದಲ್ಲಿ ಹೆಚ್ಚು ಕಡಿಮೆ ಇಲ್ಲವಾಗುತ್ತದೆ. ಕೊಳಕ್ಕೆ ಕಲ್ಲು ಹಾಕುವ ಉದಾಹರಣೆಯನ್ನು ಅಡ್ಡ ತರಂಗ ಅಂತ ಕೊಡುವುದನ್ನು ನಾವು ನಿಲ್ಲಿಸಿದರೆ ಒಳ್ಳೆಯದು. ಹಗ್ಗ, ತಂತಿ ಸಾಕಷ್ಟು ಇವೆಯಲ್ಲ.

ತಂತಿಯ ಮಾತು ಬಂತು, ವೀಣೆ ನೋಡೋಣ. ಸಾರಣಿ ತಂತಿಯನ್ನು ಸೆಕೆಂಡಿಗೆ 165 ಸಲ ಮಿಡಿಯುವ ಹಾಗೆ ಶ್ರುತಿ ಮಾಡಿದ್ದಾರೆ ಅಂದುಕೊಳ್ಳಿ. ಮೀಟಿದಾಗ ತಂತಿ ತನ್ನ ಉದ್ದಕ್ಕೆ ಅಡ್ಡಲಾಗಿ ಆಡುತ್ತದೆ. ಅದು ಅಡ್ಡ ತರಂಗ. ಆದರೆ ಅಷ್ಟು ತೆಳುವಾದ ತಂತಿ ಗಾಳಿಯನ್ನು ಎಷ್ಟು ತಾನೇ ತಳ್ಳೀತು? ತಂತಿ ತನ್ನನ್ನು ಹೊತ್ತ ಮೆಟ್ಟಿಲನ್ನು, ಅಂದರೆ ಕುದುರೆಯನ್ನು (ಬ್ರಿಜ್) ಅಲುಗಿಸುತ್ತದೆ, ಕುದುರೆ ಕೊಡದ ಮೇಲಿನ ಹಲಗೆಯನ್ನು ಅಲುಗಿಸುತ್ತದೆ, ಆ ಅಗಲವಾದ ಹಲಗೆ ಗಾಳಿಯನ್ನು ತಳ್ಳುತ್ತದೆ. ಅಲ್ಲಿಂದ ಮುಂದೆ ಅದು ನೀಳ ತರಂಗ. 165 ಅನ್ನುವ ಸಂಖ್ಯೆ ಬದಲಾಗಲಿಲ್ಲ, ಅದಕ್ಕೇ ಸ್ವರ ಅದೇ ಉಳಿಯಿತು. ಬಗೆ, ವೇಗ, ಅಲೆಯುದ್ದ ಮಾತ್ರ ಬದಲಾದವು. ಗಾಳಿಯಲ್ಲಿ ಅದರ ಅಲೆಯುದ್ದ ಎರಡು ಮೀಟರ್‌ಗಿಂತ ತುಸು ಜಾಸ್ತಿ. ರಾಮನವಮಿಯ ಕಚೇರಿಗೆ ಹೋದಾಗ ಇದನ್ನು ನೆನಪಿಟ್ಟು ಕೇಳಿ.

ಇನ್ನು ಬೆಳಕು. ಬೆಳಕು ಅಡ್ಡ ತರಂಗ ಅಂತ ಹೇಗೆ ಗೊತ್ತಾಯಿತು? ನನ್ನ ಕೈಯಲ್ಲಿ ಒಂದು ಪೋಲರಾಯ್ಡ್ ತಂಪು ಕನ್ನಡಕ ಇದೆ. ಈ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸುತ್ತೇನೆ. ಪರದೆ ಮಂಕಾಯಿತು, ಇನ್ನೂ ಮಂಕಾಯಿತು, ಈಗ ಕಪ್ಪು. ಇನ್ನೂ ಕಾಲು ಸುತ್ತು ತಿರುಗಿಸಿದರೆ ಮತ್ತೆ ಬೆಳಕು. ಸುಮ್ನೆ ಯೋಚಿಸಿ ನೋಡಿ. ಬೆಳಕಿನ ಅಲುಗಾಟ ಅದು ಸಾಗುವ ದಿಕ್ಕಿನಲ್ಲೇ ಇದ್ದಿದ್ದರೆ, ಕನ್ನಡಕವನ್ನು ಹೇಗೆ ತಿರುಗಿಸಿದರೂ ಒಂದೇ ಆಗಬೇಕಿತ್ತು. ತಿರುಗಿಸಿದರೆ ವ್ಯತ್ಯಾಸ ಆಗುತ್ತದೆ ಅಂದರೆ ಅದಕ್ಕೆ ಅಡ್ಡಲಾಗಿ ಒಂದು ದಿಕ್ಕು ಇದೆ. ಈ ಧ್ರುವೀಕರಣ ನೀಳ ತರಂಗಕ್ಕೆ ಸಾಧ್ಯವೇ ಇಲ್ಲ. 1808ರಲ್ಲಿ ಪ್ಯಾರಿಸಿನಲ್ಲಿ ಮಾಲ್ಯು, ಅರಮನೆಯ ಕಿಟಕಿಯಲ್ಲಿ ಹೊಳೆಯುತ್ತಿದ್ದ ಸೂರ್ಯನನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿ ಈ ಮಂಕಾಗುವಿಕೆಯನ್ನು ಗಮನಿಸಿದರು. ಗಾಜಿನಿಂದ, ಒದ್ದೆ ರಸ್ತೆಯಿಂದ ಓರೆಯಾಗಿ ಬರುವ ಬೆಳಕು ಹೀಗೇ ಇರುತ್ತದೆ. 1821ರಲ್ಲಿ ಫ್ರೆನೆಲ್ ಬೆಳಕು ಪೂರ್ತಿ ಅಡ್ಡ ತರಂಗ ಅಂತ ವಾದಿಸಿದರು.

ಆಗ ದೊಡ್ಡ ಕಷ್ಟ ಎದುರಾಯಿತು. ಅಡ್ಡ ತರಂಗಕ್ಕೆ ಬಿಗಿಯಾದ ವಸ್ತು ಬೇಕಲ್ಲ. ಬೆಳಕಿನ ವೇಗಕ್ಕೆ ತಕ್ಕ ಬಿಗಿ ಬೇಕಾದರೆ ಆಕಾಶವೆಲ್ಲ ಉಕ್ಕನ್ನು ಮೀರಿಸುವ ಏನೋ ತುಂಬಿರಬೇಕು. ಗ್ರಹಗಳು ಮಾತ್ರ ಅದರೊಳಗೆ ತಡೆಯಿಲ್ಲದೆ ಓಡಾಡಬೇಕು. ದಶಕಗಳ ಕಾಲ ದೊಡ್ಡ ದೊಡ್ಡವರು ಇದರಲ್ಲಿ ತಲೆ ಕೆಡಿಸಿಕೊಂಡರು. ಕೊನೆಗೆ ಬೆಳಕಿನಲ್ಲಿ ಅಲುಗುವುದು ಯಾವ ಕಣವೂ ಅಲ್ಲ, ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳು, ಅವಕ್ಕೆ ವಸ್ತುವೇ ಬೇಡ ಅಂತ ತಿಳಿಯಿತು. ಗಟ್ಟಿ ನೆಲ ಬೇಕು ಅನ್ನುವ ನನ್ನ ಮಾತು ವಸ್ತುವಿನೊಳಗೆ ಸಾಗುವ ಅಲೆಗಳಿಗೆ ಮಾತ್ರ.

ಅಡ್ಡ ತರಂಗವಾದ ಬೆಳಕು, ನೀಳ ತರಂಗವಾದ ಶಬ್ದ, ಈ ಎರಡು ಒಂದನ್ನೊಂದು ಅಡ್ಡ ದಾಟಿದರೆ? ಇದಕ್ಕೆ ಸರಿಯಾದ ಉತ್ತರ ಬಂದದ್ದು ನಮ್ಮ ಮಲ್ಲೇಶ್ವರದ ಪಕ್ಕದಿಂದ, ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ದ್ರವದೊಳಗೆ ಶ್ರವಣಾತೀತ ಶಬ್ದ, ಅಂದರೆ ಕಿವಿಗೆ ಕೇಳಿಸದ ಅಲ್ಟ್ರಾಸೌಂಡ್ ಹಾಯಿಸಿದರೆ ಒತ್ತಾದ ಪದರ, ತೆಳುವಾದ ಪದರ ಸಾಲಾಗಿ ಏಳುತ್ತವೆ. 50 ಲಕ್ಷ ಹರ್ಟ್ಸ್‌ನ ಶಬ್ದವಾದರೆ ನೀರಿನಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಕೇವಲ 0.3 ಮಿಲಿಮೀಟರ್. ಅದಕ್ಕೆ ಅಡ್ಡಲಾಗಿ ಬೆಳಕು ಬಿಟ್ಟರೆ ಕಿರಣ ಹಲವಾರು ಕಿರಣಗಳಾಗಿ ಒಡೆಯುತ್ತದೆ. 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದರು. ಆ ಕಿರಣಗಳ ಹೊಳಪು ಹಾಗೆ ಹೆಚ್ಚು ಕಡಿಮೆ ಆಗುವುದು ಯಾಕೆ ಅಂತ 1935–36ರಲ್ಲಿ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ ಲೆಕ್ಕ ಕೊಟ್ಟರು. ರಾಮನ್–ನಾಥ್ ಸಿದ್ಧಾಂತ ಅಂತ ಈಗಲೂ ಪಾಠ ಮಾಡುತ್ತಾರೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1956ರಲ್ಲಿ ಇನ್ನೊಂದು ಕೆಲಸ ಆಯಿತು. 22 ವರ್ಷದ ಎಸ್. ಪಂಚರತ್ನಂ, ಧ್ರುವೀಕರಣದ ಸ್ಥಿತಿಯನ್ನು ಹಂತ ಹಂತವಾಗಿ ಬದಲಿಸಿ ಮತ್ತೆ ಮೊದಲಿನ ಸ್ಥಿತಿಗೆ ತಂದರೂ ಬೆಳಕಿನ ಹೆಜ್ಜೆ, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದು (ಫೇಸ್), ಸ್ವಲ್ಪ ಬದಲಾಗಿರುತ್ತದೆ ಅಂತ ತೋರಿಸಿದರು. ಜಗತ್ತು ಅದರ ಬೆಲೆ ಅರಿತದ್ದು 1980ರ ದಶಕದಲ್ಲಿ, ಮೈಕೇಲ್ ಬೆರಿ ಅವರ ಕೆಲಸ ಬಂದ ಮೇಲೆ. ಅಷ್ಟೊತ್ತಿಗೆ ಪಂಚರತ್ನಂ ಇರಲಿಲ್ಲ, 1969ರಲ್ಲೇ ತೀರಿಕೊಂಡಿದ್ದರು. ಅವರ ಹೆಸರು ನಮ್ಮ ಊರಿನ ಮಕ್ಕಳಿಗೆ ಗೊತ್ತಿರಬೇಕು.

ಕೊನೆಯಲ್ಲಿ ಹಿರಿಯರೊಬ್ಬರು ಕೇಳಿದರು: “ಮೇಷ್ಟ್ರೇ, ನನಗೆ ಲಿವರ್‌ಗೆ ಫೈಬ್ರೋಸ್ಕ್ಯಾನ್ ಮಾಡಿದರು. ಪಕ್ಕೆಲುಬಿನ ಹತ್ತಿರ ಟಕ್ ಟಕ್ ಅಂತ ತಟ್ಟಿದ ಹಾಗಾಯಿತು. ಅದು ಯಾವ ಅಲೆ?”

ಸರ್, ಅದರಲ್ಲಿ ಎರಡೂ ಅಲೆಗಳಿವೆ. ಆ ತಟ್ಟುವಿಕೆ ಲಿವರ್ ಒಳಗೆ ಒಂದು ಅಡ್ಡ ತರಂಗವನ್ನು ಕಳಿಸುತ್ತದೆ. ಅದು ಎಷ್ಟು ದೂರ ಹೋಯಿತು ಅಂತ ಅದರ ಬೆನ್ನಿಗೇ ಹೊರಟ ಅಲ್ಟ್ರಾಸೌಂಡ್ ನೋಡುತ್ತದೆ, ಅದು ನೀಳ ತರಂಗ. ಮೈಯೊಳಗೆ ಅಲ್ಟ್ರಾಸೌಂಡ್ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಅಡ್ಡ ತರಂಗ ಆರೋಗ್ಯವಾದ ಲಿವರ್‌ನಲ್ಲಿ ಒಂದು, ಒಂದೂಕಾಲು ಮೀಟರ್, ಅಷ್ಟೆ. ನಾವು ನಡೆಯುವ ವೇಗ. ಲಿವರ್ ಮೆತ್ತಗಿರುವುದರಿಂದ ಆಕಾರದ ಬಿಗಿ ತೀರಾ ಕಡಿಮೆ, ಅದಕ್ಕೇ ಇಷ್ಟು ನಿಧಾನ. ಗಾಯದ ನಾರು ಬೆಳೆದು ಲಿವರ್ ಗಡುಸಾದರೆ ವೇಗ ಎರಡು ಮೀಟರ್ ದಾಟುತ್ತದೆ. ಯಂತ್ರ ಆ ವೇಗ ಅಳೆದು, ಅದರಿಂದ ಗಡುಸನ್ನು ಲೆಕ್ಕ ಹಾಕಿ ಕಿಲೋಪ್ಯಾಸ್ಕಲ್‌ನಲ್ಲಿ ಒಂದು ಸಂಖ್ಯೆ ಕೊಡುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಇರುವುದು ಅದೇ. ಹೊಟ್ಟೆಯಲ್ಲಿ ನೀರು ತುಂಬಿಕೊಂಡವರಿಗೆ ಈ ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ಚರ್ಮಕ್ಕೂ ಲಿವರ್‌ಗೂ ನಡುವೆ ನೀರಿನ ಪದರ ಬಂದರೆ ಅಡ್ಡ ತರಂಗ ಅದನ್ನು ದಾಟುವುದಿಲ್ಲ, ಡಾಕ್ಟರು ಬೇರೆ ಪರೀಕ್ಷೆ ಬರೆಯುತ್ತಾರೆ.